ನೋಡೇನ್ರಿ ಅಕ್ಕಾರ

ನಮ್ಮ ಅಪ್ಪ ಬೈಲಹೊಂಗಲದ ಮಾಮಲೇದಾರ ಕಚೇರಿಯ ಎದುರಿಗೆ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದರು. ಒಂದು ಕಟ್ಟಿಗೆಯ ಇಳಿಜಾರು ಡೆಸ್ಕು, ಒಂದು ದೌತಿ, ಎರಡು ಟಾಕು, ಹಾಳೆ ಹಾರದಂತೆ ಮೇಲಿಟ್ಟ ಒಂದು ನುಣುಪು ಕಲ್ಲು, ಇಷ್ಟೇ ಅವರ ಸಂಸಾರ. ಎದುರಿಗೆ ಕೂತ ರೈತ ತನ್ನ ಅಜ್ಜನ ಕಾಲದಿಂದ ಸುರುಮಾಡಿ ಭಾವಬಂದರ ಜಗಳ, ಹೊಲದ ಬದು, ಹೆಂಡತಿಯ ಜಡ್ಡು ಎಲ್ಲವನ್ನೂ ಹೇಳುತ್ತಿದ್ದ. ಅಪ್ಪ ಟಾಕು ಮುಟ್ಟುತ್ತಿರಲಿಲ್ಲ. ಅವನು ಹೇಳಿ ದಣಿದ ಮೇಲೆ ಮೂರು ಮಾತು ಕೇಳುತ್ತಿದ್ದರು: "ಯಾರಿಗೆ? ಏನಾಗೇತಿ? ಏನಾಗಬೇಕು?" ಈ ಮೂರಕ್ಕೆ ಉತ್ತರ ಸಿಗುವತನಕ ಹಾಳೆಯ ಮೇಲೆ ಒಂದು ಅಕ್ಷರ ಬೀಳುತ್ತಿರಲಿಲ್ಲ. ಪಕ್ಕದಲ್ಲಿ ಕೂತವರು ಅಷ್ಟರಲ್ಲಿ ಮೂರು ಅರ್ಜಿ ಮುಗಿಸಿ ದುಡ್ಡು ಎಣಿಸಿಕೊಳ್ಳುತ್ತಿದ್ದರು. ಅವ್ವನಿಗೆ ಇದೇ ಸಿಟ್ಟು.

ನಾನು ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಾಗ ಅಪ್ಪನ ಉದ್ಯೋಗವನ್ನು ಯಾರೆದುರೂ ಬಾಯಿಬಿಟ್ಟು ಹೇಳಿದವಳಲ್ಲ. ಪಂಪ, ಹರಿಹರ, ಬೇಂದ್ರೆಯವರನ್ನು ಕಲಿಸುವುದು ಸಾಹಿತ್ಯ. ಅರ್ಜಿ ಬರೆಯುವುದು ಹೊಟ್ಟೆಪಾಡು. ನಮ್ಮ ವಿಭಾಗದಲ್ಲಿಯೂ ವ್ಯವಹಾರ ಕನ್ನಡದ ಪತ್ರಿಕೆ ಎಂದರೆ ಮಲಮಗುವಿನ ಹಾಗೆ. ಹೊಸದಾಗಿ ಬಂದವರ ಉಡಿಗೆ ಅದನ್ನು ಹಾಕಿ ಹಿರಿಯರು ಕಾವ್ಯಕ್ಕೆ ಹೋಗಿಬಿಡುತ್ತಿದ್ದರು. ನನ್ನ ಉಡಿಗೂ ಬಿತ್ತು. ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’, ‘ತಮ್ಮ ವಿಶ್ವಾಸಿ’ ಎಂದು ಕರಿ ಹಲಗೆಯ ಮೇಲೆ ಬರೆದರೆ ಆ ಪಾಠ ಮುಗಿಯಿತು. ಅದಕ್ಕೆ ಪರೀಕ್ಷೆಯಲ್ಲಿ ಒಂದಿಷ್ಟು ಅಂಕ. ಹುಡುಗಿಯರು ಬಾಯಿಪಾಠ ಮಾಡಿ ಬರೆದು ಪಾಸಾಗುತ್ತಿದ್ದರು. ಅವರಲ್ಲಿ ಎಷ್ಟು ಮಂದಿ ಮುಂದೆ ಒಂದು ನಿಜವಾದ ಅರ್ಜಿ ಬರೆದರೋ, ಎಷ್ಟು ಮಂದಿ ಮತ್ತೆ ಯಾವುದೋ ಬೇವಿನ ಗಿಡದ ಕೆಳಗೆ ಹೋಗಿ ಕೂತರೋ, ನಾನು ವಿಚಾರಿಸಲಿಲ್ಲ.

ನಿವೃತ್ತಳಾಗಿ ಕುಂಡಿಯಲ್ಲಿ ದಾಸವಾಳ ಬೆಳೆಸುತ್ತ ಕೂತಿದ್ದಾಗ 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಬಂತು. ಬಸ್ಸು ನಿಂತವು, ಸಂತೆ ನಿಂತವು, ಸಾಲಿ ನಿಂತವು. ಆಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸವದತ್ತಿಯಿಂದ ಫೋನು ಮಾಡಿದಳು. ಅವಳ ಪರಿಚಯದ ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳಿಗೆ ಅರ್ಜಿ, ಠರಾವು, ಸಭೆಯ ವರದಿ, ಬ್ಯಾಂಕಿಗೆ ಪತ್ರ ಬರೆಯುವುದನ್ನು ಫೋನಿನಲ್ಲಿಯೇ ಕಲಿಸಬೇಕಂತೆ. 2000ದಲ್ಲಿ ಆ ಯೋಜನೆ ಬಂದಾಗಿನಿಂದ ಈ ಸಂಘಗಳು ಉಳಿತಾಯ ಮಾಡುತ್ತಿವೆ, ಸಾಲ ಕೊಡುತ್ತಿವೆ, ಆದರೆ ಠರಾವು ಪುಸ್ತಕ ಮಾತ್ರ ಇನ್ನೂ ಯಾರದೋ ಮನೆಯ ಗಂಡುಮಗನ ಕೈಯಲ್ಲಿ. ಒಪ್ಪಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಕಡೆಯವರು ಕೂಡಿ ಮೂವತ್ತೆರಡು ಮಂದಿಯ ವಾಟ್ಸ್‌ಆ್ಯಪ್ ಗುಂಪು ಆಯಿತು. ವಾರಕ್ಕೆ ಎರಡು ಪಾಠ.

ಇದೇ ಹೊತ್ತಿಗೆ ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು, ಅಲ್ಲಿಯ ಕಾಲೇಜೊಂದರಲ್ಲಿ ಇಂಥದೇ ಪಾಠ ಹೇಳುವವಳು, "ದೊಡ್ಡವ್ವಾ, ನೀ ಮಾಡೂದನ್ನ ಇಲ್ಲೆ ಮಂದಿ ಇಪ್ಪತ್ತು ವರ್ಷದಿಂದ ಸಂಶೋಧನಾ ಮಾಡ್ಯಾರ" ಎಂದು ನಕ್ಕು ಒಂದೊಂದೇ ಪುಸ್ತಕ ಕಳಿಸತೊಡಗಿದಳು. ನನಗೆ ಆಶ್ಚರ್ಯವೇ ಆಯಿತು. ಅರ್ಜಿ, ವರದಿ, ಸೂಚನಾಪತ್ರ, ಕೈಪಿಡಿ ಇವನ್ನು ದೂರದಿಂದ ಕಲಿಸುವುದು ಹೇಗೆ ಎಂದು ಪ್ರಾಧ್ಯಾಪಕರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ! ಅವನ್ನು ಓದಿದೆ, ಓದುತ್ತಲೇ ನನ್ನ ಪಾಠ ಮಾಡಿದೆ. ಆ ಓದಿನ ಬಗ್ಗೆಯೇ ಈ ಬರಹ. ವಿಮರ್ಶೆ ಎಂದರೆ ವಿಮರ್ಶೆ, ತಕರಾರು ಎಂದರೆ ತಕರಾರು.

ಮೊದಲು ಓದಿದ್ದು ಕೆಲ್ಲಿ ಕಾರ್ಗೈಲ್ ಕುಕ್ ಮತ್ತು ಕೀತ್ ಗ್ರ್ಯಾಂಟ್-ಡೇವಿ ಸಂಪಾದಿಸಿ 2005ರಲ್ಲಿ ಹೊರತಂದ ಪ್ರಬಂಧ ಸಂಕಲನ. ಹೆಸರು ‘ಆನ್‌ಲೈನ್ ಎಜುಕೇಶನ್: ಗ್ಲೋಬಲ್ ಕ್ವೆಶ್ಚನ್ಸ್, ಲೋಕಲ್ ಆನ್ಸರ್ಸ್’, ಅಂದರೆ ಪ್ರಶ್ನೆ ಜಗತ್ತಿನದು, ಉತ್ತರ ಆಯಾ ಊರಿನದು. ಹೆಸರು ಕೇಳಿಯೇ ಮನಸ್ಸು ಅರಳಿತು. ಯಂತ್ರ ಮುಂದೆ, ಪಾಠ ಹಿಂದೆ ಆಗಬಾರದು. ಏನು ಕಲಿಸಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಂಡು ಅದಕ್ಕೆ ತಕ್ಕ ಸಲಕರಣೆ ಹುಡುಕಬೇಕು ಎಂಬುದು ಕುಕ್ ಅವರ ವಾದ. ಮಾತು ಸರಿಯಾದದ್ದೇ. ಆದರೆ ಸಲಕರಣೆಯನ್ನು ಆರಿಸಿಕೊಳ್ಳುವ ಅನುಕೂಲ ಇದ್ದವರ ಮಾತು ಅದು. ನಮಗೆ ಆರಿಸಿಕೊಳ್ಳಲು ಇದ್ದದ್ದು ಒಂದೇ, ಕೈಯಲ್ಲಿಯ ಫೋನು. ಅದೂ ಎಷ್ಟೋ ಸಲ ಇನ್ನೊಬ್ಬರ ಕೈಯಲ್ಲಿ.

ಈ ಕೈಯ ಮಾತು ಸ್ವಲ್ಪ ಹೇಳಬೇಕು. ಅಮೆರಿಕದ ಕಾಲೇಜು ಬರವಣಿಗೆ ಶಿಕ್ಷಕರ ದೊಡ್ಡ ಸಂಘಟನೆಯೊಂದು 2013ರಲ್ಲಿ ಆನ್‌ಲೈನ್ ಬರವಣಿಗೆಯ ಪಾಠಕ್ಕೆಂದು ಹದಿನೈದು ತತ್ವಗಳನ್ನು ಪ್ರಕಟಿಸಿತು. ಮೊದಲನೆಯದೇ ಎಲ್ಲರಿಗೂ ಎಟುಕುವಂತಿರಬೇಕು ಎಂಬುದು. ಕಣ್ಣು ಕಾಣದವರು, ಕಿವಿ ಕೇಳದವರು, ಬೇರೆ ಮನೆಮಾತಿನವರು, ಬಡವರು ಯಾರೂ ಹೊರಗುಳಿಯಬಾರದು ಎನ್ನುತ್ತದೆ. ಬಹಳ ಘನವಾದ ಮಾತು. ಒಂದು ತರಗತಿಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಬೇಡ, ಹದಿನೈದಿದ್ದರೆ ಇನ್ನೂ ಚಲೋ ಎಂದೂ ಅದೇ ದಾಖಲೆ ಹೇಳುತ್ತದೆ. ಎಂಬತ್ತು ನೂರು ಮಂದಿಯ ವರ್ಗಕ್ಕೆ ಚೀರಿ ಚೀರಿ ಗಂಟಲು ಕೆಡಿಸಿಕೊಂಡ ನನಗೆ ಅದನ್ನು ಓದಿ ನಗು ಬಂತು. ಆಮೇಲೆ ನನ್ನ ಮೂವತ್ತೆರಡು ನೆನಪಾಗಿ ನಗು ನಿಂತಿತು. ಆದರೆ ಆ ಹದಿನೈದು ತತ್ವಗಳಲ್ಲಿ ಎಲ್ಲಿಯೂ ಮೈದುನನ ಫೋನಿನ ವಿಚಾರ ಇಲ್ಲ. ಸವದತ್ತಿ ಕಡೆಯ ಒಬ್ಬಳು ವಿಧವಾ ವೇತನ ಮೂರು ತಿಂಗಳಿಂದ ಬಂದಿಲ್ಲವೆಂದು ಅರ್ಜಿ ಬರೆಯಬೇಕಿತ್ತು. ಎಲ್ಲರೂ ಮಧ್ಯಾಹ್ನ ಬರೆದು ಫೋಟೋ ಕಳಿಸಿದರೆ ಇವಳದು ರಾತ್ರಿ ಹತ್ತೂ ನಲವತ್ತಕ್ಕೆ. ಅದರಲ್ಲಿ ‘ವೇತನ ಬಂದಿಲ್ಲ’ ಎಂಬುದು ಬಿಟ್ಟು ಬೇರೇನೂ ಇಲ್ಲ; ಯಾವ ಬ್ಯಾಂಕು, ಯಾವ ಖಾತೆ, ಯಾವ ತಿಂಗಳು ಒಂದೂ ಇಲ್ಲ. ನಾನು ಮಾಸ್ತರಿಕೆಯ ಧಾಟಿಯಲ್ಲಿ ‘ವಿವರ ಸಾಲದು’ ಎಂದು ಬರೆದೆ. ಮರುದಿನ ಗುಂಪಿನ ಹೊರಗೆ ಬೇರೆ ನಂಬರಿನಿಂದ ಅವಳ ದನಿ ಬಂತು. "ಅಕ್ಕಾರ, ಫೋನು ನಮ್ಮ ಮೈದುನಂದೈತ್ರಿ. ಪಗಾರದ ಮಾತು ಅದರಾಗ ಬರದ್ರ ಎಲ್ಲಾ ಓದ್ತಾನ್ರಿ." ವಿವರ ಸಾಲದ್ದು ಬರವಣಿಗೆಯ ದೋಷವಾಗಿರಲಿಲ್ಲ. ಈ ಪುಸ್ತಕಗಳಲ್ಲಿ ‘ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ’ ಎಂಬ ಮಾತು ಪುಟಪುಟದಲ್ಲಿಯೂ ಇದೆ. ನಮ್ಮ ಹೆಣ್ಣುಮಕ್ಕಳು ಅದನ್ನು ಕಲಿಯದೆಯೇ ಬಲ್ಲರು. ಅವರ ಮೊದಲ ಓದುಗ ತಹಶೀಲ್ದಾರನಲ್ಲ, ಅಷ್ಟೇ ವ್ಯತ್ಯಾಸ.

ಸ್ಕಾಟ್ ವಾರ್ನಾಕ್ 2009ರಲ್ಲಿ ಬರೆದ ‘ಟೀಚಿಂಗ್ ರೈಟಿಂಗ್ ಆನ್‌ಲೈನ್’ ಓದಲು ಹಗುರವಾದ, ಸ್ನೇಹದ ಧಾಟಿಯ ಪುಸ್ತಕ. ಹೆದರಬೇಡಿರಿ, ನೀವು ವರ್ಗದಲ್ಲಿ ಚೆನ್ನಾಗಿ ಮಾಡುತ್ತಿದ್ದುದನ್ನೇ ಇಲ್ಲಿಗೆ ಸಾಗಿಸಿಕೊಂಡು ಬನ್ನಿರಿ ಎಂದು ಬೆನ್ನು ತಟ್ಟುತ್ತಾರೆ. ಅವರ ಮುಖ್ಯ ಮಾತು ಇದು: ಆನ್‌ಲೈನಿನಲ್ಲಿ ಮಾತಾಡಬೇಕಾದರೂ ಬರೆದೇ ಮಾತಾಡಬೇಕು, ಕೇಳಬೇಕಾದರೂ ಬರೆದೇ ಕೇಳಬೇಕು, ಹೀಗಾಗಿ ಬರವಣಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಓದಿದಾಗ ಹೌದಲ್ಲ ಎನಿಸಿತು. ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿ ಕಾಯುತ್ತ ಕೂತೆ. ಬಂದವು ಮೂವತ್ತೆರಡಲ್ಲ, ಹತ್ತೊಂಬತ್ತು ಉತ್ತರ. ಹತ್ತೊಂಬತ್ತರಲ್ಲಿ ಹದಿನೇಳು ಧ್ವನಿಸಂದೇಶ!

ಮೊದಲು ಸಿಟ್ಟೇ ಬಂತು. ಬರೆಯಲು ಕಲಿಯಿರಿ ಎಂದರೆ ಮಾತಾಡುತ್ತಾರಲ್ಲ ಎಂದು ‘ಧ್ವನಿ ಕಳಿಸಕೂಡದು’ ಎಂಬ ಫರ್ಮಾನು ಹೊರಡಿಸಿದೆ. ಗುಂಪು ಸುಮ್ಮನಾಯಿತು. ಒಂದು ವಾರ ಸ್ಮಶಾನ ಮೌನ. ಆಮೇಲೆ ನಿಧಾನಕ್ಕೆ ನಾಲ್ಕು ಮಂದಿ ಬರೆದು ಕಳಿಸಿದರು. ಎಲ್ಲವೂ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಸುರುವಾಗಿ ‘ದಯಾಪರರಾದ ತಾವು ಕೃಪೆದೋರಬೇಕೆಂದು’ ಮುಗಿದವು. ನಡುವೆ ಏನಿತ್ತು ಎಂದರೆ ಏನೂ ಇರಲಿಲ್ಲ. ಆಗ ಹಳೆಯ ಧ್ವನಿಗಳನ್ನು ಮತ್ತೆ ಹಾಕಿ ಕೇಳಿದೆ. ಕಿತ್ತೂರಿನ ಕಡೆಯ ಒಬ್ಬಾಕೆ ಓಣಿಯ ನಳದ ನೀರಿನ ಬಗ್ಗೆ ಹೇಳಿದ್ದಳು: ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತಿಗೆ, ಎಷ್ಟು ಕೊಡ, ಯಾವ ಮನೆಯ ಮುಂದೆ ಪೈಪು ಒಡೆದಿದೆ, ಅದನ್ನು ಯಾರಿಗೆ ಎಷ್ಟು ಸಲ ಹೇಳಲಾಯಿತು, ಅವರು ಏನು ಅಂದರು. ಎಲ್ಲ ಎರಡು ನಿಮಿಷದಲ್ಲಿ, ಒಂದರ ಹಿಂದೆ ಒಂದು, ಪೋಣಿಸಿದ ಹಾಗೆ. ಇದಕ್ಕಿಂತ ಚಲೋ ಅರ್ಜಿಯನ್ನು ನನ್ನ ಇಡೀ ನೌಕರಿಯಲ್ಲಿ ನಾನು ಓದಿರಲಿಲ್ಲ. ಬರೆಯಲು ಹೇಳಿದೊಡನೆ ಅದೆಲ್ಲ ಎಲ್ಲಿಗೆ ಹೋಯಿತು? ನಾನೇ ಕಲಿಸಿದ ‘ಮೇಲ್ಕಾಣಿಸಿದ ವಿಷಯ’ ಅದನ್ನು ನುಂಗಿತ್ತು.

ಫರ್ಮಾನು ಹಿಂತೆಗೆದುಕೊಂಡೆ. ಮೊದಲು ಮಾತಾಡಿ ಕಳಿಸಿರಿ. ನಿಮ್ಮದೇ ಮಾತನ್ನು ನೀವೇ ಕೇಳಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ, ಹಾಳೆಯ ಮೇಲೆ ಬರೆಯಿರಿ. ಬರೆದದ್ದರ ಫೋಟೋ ಕಳಿಸಿರಿ ಎಂದೆ. ಅಪ್ಪನೂ ಇದನ್ನೇ ಅಲ್ಲವೇ ಮಾಡುತ್ತಿದ್ದದ್ದು, ಪೂರ್ತಿ ಹೇಳುವತನಕ ಟಾಕು ಮುಟ್ಟದೆ? ವಾರ್ನಾಕ್ ಅವರ ತತ್ವ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಕೀಲಿಮಣೆಯ ಮುಂದೆ ಕೂತು ಬೆಳೆದವರ ತತ್ವ. ನಮ್ಮ ಕಡೆ ಫೋನು ಬಂದದ್ದು ಬರವಣಿಗೆಯ ಸಲಕರಣೆಯಾಗಿ ಅಲ್ಲ, ಬರವಣಿಗೆಯನ್ನು ತಪ್ಪಿಸಿಕೊಳ್ಳುವ ಸಲಕರಣೆಯಾಗಿ. ಅಲ್ಲಿಯವರೇ ಆದ ಜೂನ್ ಗ್ರಿಫಿನ್ ಮತ್ತು ಡೆಬೋರಾ ಮಿಂಟರ್ 2013ರ ಲೇಖನವೊಂದರಲ್ಲಿ ಆನ್‌ಲೈನ್ ವರ್ಗದ ವಿದ್ಯಾರ್ಥಿ ಓದಬೇಕಾದ ಹೊರೆ ಎದುರು ಕೂತು ಕಲಿಯುವವರಿಗಿಂತ ಎರಡು ಪಟ್ಟಿಗೂ ಮಿಕ್ಕಿ ಇರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಈ ಹೊರೆಯ ಮಾತು ವಾರ್ನಾಕ್ ಅವರ ಉತ್ಸಾಹಕ್ಕೆ ಒಳ್ಳೆಯ ಕಡಿವಾಣ. ಗೋವಿನಜೋಳದ ತೆನೆ ಸುಲಿದು, ದನ ಕಟ್ಟಿ, ರೊಟ್ಟಿ ಬಡಿದು ಬಂದ ಮೇಲೆ ನನ್ನ ಉದ್ದುದ್ದ ಟಿಪ್ಪಣಿ ಓದುವವರು ಯಾರು?

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಬೆತ್ ಹೆವೆಟ್ ಅವರ ಪುಸ್ತಕ. 2010ರಲ್ಲಿ ಬಂದ ‘ದಿ ಆನ್‌ಲೈನ್ ರೈಟಿಂಗ್ ಕಾನ್ಫರೆನ್ಸ್’. ವಿದ್ಯಾರ್ಥಿಯ ಬರಹದ ಮೇಲೆ ಶಿಕ್ಷಕರು ದೂರದಿಂದ ಬರೆಯುವ ಷರಾಗಳನ್ನು ಅವರು ಬಿಡಿಸಿ ನೋಡಿದ್ದಾರೆ. ಎದುರಿಗೆ ಕೂತಾಗ ಮೋರೆ ಇದೆ, ಹುಬ್ಬು ಇದೆ, ದನಿ ಇದೆ. ಅರ್ಧ ಹೇಳಿದರೂ ಉಳಿದರ್ಧ ತಿಳಿಯುತ್ತದೆ. ಬರೆದು ಹೇಳುವಾಗ ಅದೊಂದೂ ಇಲ್ಲ. ಆದ್ದರಿಂದ ಸೌಮ್ಯವಾಗಿರಲೆಂದು ಸುತ್ತು ಬಳಸಿ ಹೇಳಬೇಡಿರಿ, ತಿದ್ದಬೇಕೆಂದು ಮನಸ್ಸಿನಲ್ಲಿಟ್ಟುಕೊಂಡು ಪ್ರಶ್ನೆಯ ರೂಪದಲ್ಲಿ ಕೇಳಬೇಡಿರಿ, ಏನು ತಪ್ಪು, ಯಾಕೆ ತಪ್ಪು, ಏನು ಮಾಡಬೇಕು ಎಂಬುದನ್ನು ನೇರವಾಗಿ ಬರೆಯಿರಿ ಎನ್ನುತ್ತಾರೆ. ನನ್ನ ತಂಗಿಯ ಮಗಳ ಪ್ರಕಾರ ಅಲ್ಲಿಯ ಎಷ್ಟೋ ಶಿಕ್ಷಕರಿಗೆ ಇದು ರುಚಿಸಿಲ್ಲ. ಇದು ಅಪ್ಪಣೆ ಕೊಟ್ಟಂತೆ, ಮಕ್ಕಳ ವಿಚಾರಶಕ್ತಿ ಕೊಂದಂತೆ ಎಂಬ ಆಕ್ಷೇಪ. ನನಗೂ ಮೊದಲು ಹಾಗೇ ತೋಚಿತ್ತು. ಪುಸ್ತಕ ಬದಿಗಿಟ್ಟಿದ್ದೆ. ಇಟ್ಟದ್ದಕ್ಕೆ ದಂಡ ಕೊಟ್ಟವಳು ನಾನಲ್ಲ, ರಾಮದುರ್ಗದ ಕಡೆಯ ಒಬ್ಬಳು ನೇಕಾರ ಹೆಣ್ಣುಮಗಳು.

2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟು ತುಂಬಿ, ನೀರು ಬಿಟ್ಟು, ಮಲಪ್ರಭೆ ರಾಮದುರ್ಗ ತಾಲ್ಲೂಕಿನೊಳಗೆ ಹೇಗೆ ಹೊಕ್ಕಳೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿದರು. ಪೂರ್ತಿ ಬಿದ್ದರೆ ಎ, 5 ಲಕ್ಷ ರೂಪಾಯಿ. ಅದಕ್ಕಿಂತ ಕಡಿಮೆ ಹಾನಿಯಾಗಿದ್ದರೆ ಕೆಳಗಿನ ವರ್ಗ, ಹಣವೂ ಕಡಿಮೆ. ಈ ಹೆಣ್ಣುಮಗಳ ಮನೆ ತನಗೆ ಸಲ್ಲಬೇಕಾದ್ದಕ್ಕಿಂತ ಕೆಳಗಿನ ವರ್ಗದಲ್ಲಿ ಬಂದಿತ್ತು. ಮರುಪರಿಶೀಲನೆಗೆ ಅರ್ಜಿ ಕೊಡಬೇಕು. ನಮ್ಮ ಗುಂಪಿನಲ್ಲಿ ಇಂಥವರು ಇನ್ನೂ ಇಬ್ಬರು ಮೂವರಿದ್ದರು. ಎಲ್ಲರಿಗೂ ಉಪಯೋಗವಾಗಲೆಂದು ನಾನೇ ಒಂದು ಮಾದರಿ ಅರ್ಜಿ ಬರೆದು ಗುಂಪಿಗೆ ಹಾಕಿದೆ. ಅದರಲ್ಲಿ ‘ನನ್ನ ವಾಸದ ಮನೆಯು ನೆರೆಯಿಂದ ಭಾಗಶಃ ಹಾನಿಗೀಡಾಗಿದ್ದು’ ಎಂದಿತ್ತು. ಯಾಕೆ ಭಾಗಶಃ ಎಂದು ಬರೆದೆ? ಕೈಗೆ ಬಂದ ಮಾತು ಬರೆದೆ, ಅಷ್ಟೇ. ಮಾದರಿ ತಾನೇ.

ಅವಳು ಧ್ವನಿಯಲ್ಲಿ ಹೇಳಿದ್ದು ಹೀಗೆ: "ಮೂರು ಗ್ವಾಡಿ ಬಿದ್ದಾವ್ರಿ ಅಕ್ಕಾರ. ಜಂತಿ ಹೊಳಿಯಾಗ ಹೋಗ್ಯಾವು. ಮಗ್ಗದ ಕುಣಿತುಂಬ ರಾಡಿ. ನಿಂತಿದ್ದು ಬಾಗಲಾ ಒಂದ ನೋಡ್ರಿ." ಆದರೆ ಫೋಟೋದಲ್ಲಿ ಕಳಿಸಿದ ಅರ್ಜಿಯಲ್ಲಿ ನನ್ನ ಮಾದರಿಯ ಸಾಲು ಹಾಗೇ ಇಳಿದಿತ್ತು. ಭಾಗಶಃ. ವಿಸರ್ಗ ಸಹ ತಪ್ಪಿರಲಿಲ್ಲ, ಪಾಪ, ಎಷ್ಟು ಮುತುವರ್ಜಿಯಿಂದ ನೋಡಿ ಬರೆದಿದ್ದಳೋ. ನನಗೆ ಅದು ಕಣ್ಣಿಗೆ ಬಿತ್ತು. ಬಿತ್ತು ಎನ್ನುವುದನ್ನು ಮುಚ್ಚಿಡಲಾರೆ. ಆದರೆ ನೇರವಾಗಿ ‘ಇದು ತಪ್ಪು’ ಎಂದರೆ ನೊಂದುಕೊಂಡಾಳು, ತಾನೇ ಕಂಡುಕೊಂಡರೆ ಕಲಿತಾಳು ಎಂಬ ಶಿಕ್ಷಣಶಾಸ್ತ್ರ ನನ್ನದು. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ‘ಇದನ್ನೊಮ್ಮೆ ನೋಡಿ’ ಎಂದು ಬರೆದು ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. "ನೋಡೇನ್ರಿ ಅಕ್ಕಾರ." ಜೊತೆಗೆ ಕೈ ಮುಗಿದ ಚಿತ್ರ.

ನೋಡಿದ್ದಳು. ನೋಡು ಎಂದದ್ದಕ್ಕೆ ನೋಡಿದ್ದಳು. ನಾನು ಗೆರೆ ಎಳೆದದ್ದು ಮೆಚ್ಚಿಕೊಂಡು ಎಂದು ತಿಳಿದಳಂತೆ. ಮರುದಿನ ಹೋಗಿ ಅರ್ಜಿ ಕೊಟ್ಟು ಬಂದಳು.

ಮುಂದಿನದು ಊಹಿಸಬಹುದು. ಕಚೇರಿಯಲ್ಲಿ ಆ ಅರ್ಜಿ ಓದಿದವರು ಇವಳ ಕೈಯಿಂದಲೇ ಬಂದ ಕಾಗದವನ್ನು ಇವಳಿಗೇ ತೋರಿಸಿದರು: "ನೀವ ಭಾಗಶಃ ಅಂತ ಬರದಕೊಟ್ಟೀರಿ. ಮ್ಯಾಲಿನ ವರ್ಗಕ್ಕ ಹೆಂಗ ಹಾಕೂದು?" ಅವರ ತಪ್ಪೇನೂ ಇಲ್ಲ. ಅವರು ಓದಿದ್ದು ಅವಳ ಮನೆಯನ್ನಲ್ಲ, ನನ್ನ ಮಾದರಿಯನ್ನು. ಅವಳು ನನಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತೇನೋ.

ಆ ರಾತ್ರಿ ಹೆವೆಟ್ ಪುಸ್ತಕ ಮತ್ತೆ ತೆಗೆದೆ. ದೂರದಿಂದ ಕಲಿಸುವ ಕಲೆಯ ಸುರುವಾತೇ ತಿದ್ದುವುದರಿಂದ ಆದದ್ದು ಎಂಬುದು ಆಗ ನೆನಪಾಯಿತು. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದಾಗ ಐಸಾಕ್ ಪಿಟ್‌ಮನ್ ಶೀಘ್ರಲಿಪಿಯನ್ನು ಅಂಚೆಯಲ್ಲಿ ಕಲಿಸತೊಡಗಿದ. ವಿದ್ಯಾರ್ಥಿಗಳು ಅಭ್ಯಾಸ ಬರೆದು ಕಳಿಸಬೇಕು, ಅವನು ತಿದ್ದಿ ಹಿಂದಿರುಗಿಸಬೇಕು. ಪುಸ್ತಕ ಮಾರಿದ್ದರೆ ಅವನು ಬರೀ ವ್ಯಾಪಾರಿಯಾಗುತ್ತಿದ್ದ. ಹಿಂತಿರುಗಿ ಬಂದ ಆ ತಿದ್ದಿದ ಹಾಳೆ ಅವನನ್ನು ಗುರು ಮಾಡಿತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಸುರುಮಾಡಿತು, 1996ರಲ್ಲಿ ಅದರಿಂದಲೇ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಲಗ್ನವಾಗಿ ಮನೆಯಲ್ಲಿ ಕೂತ ಎಷ್ಟು ಹೆಣ್ಣುಮಕ್ಕಳು ಆ ದಾರಿಯಿಂದ ಬಿ.ಎ. ಆದರೆಂಬುದನ್ನು ನಾನು ಕಂಡವಳು, ಅದನ್ನು ಹಳಿಯಲಾರೆ. ಆದರೆ ಬರವಣಿಗೆ ಎಂಬುದು ಪಾಠದ ಹಾಳೆ ಮನೆಗೆ ಬಂದಮಾತ್ರಕ್ಕೆ ಬರುವ ವಿದ್ಯೆ ಅಲ್ಲ. ಬರೆದದ್ದು ಹೋಗಬೇಕು, ತಿದ್ದಿದ್ದು ಬರಬೇಕು.

ಮೈಕೇಲ್ ಮೂರ್ ಎಂಬ ವಿದ್ವಾಂಸರು ದೂರಶಿಕ್ಷಣದಲ್ಲಿ ‘ದೂರ’ ಎಂದರೆ ಮೈಲಿಯ ಲೆಕ್ಕವಲ್ಲ, ಕಲಿಸುವವರ ಮನಸ್ಸಿಗೂ ಕಲಿಯುವವರ ಮನಸ್ಸಿಗೂ ನಡುವೆ ಬೀಳುವ ಅಂತರ ಎನ್ನುತ್ತಾರೆ. ಪಾಠದ ಚೌಕಟ್ಟು ಬಿಗಿಯಾದಷ್ಟೂ, ಮಾತುಕತೆ ಕಡಿಮೆಯಾದಷ್ಟೂ ಆ ದೂರ ಹೆಚ್ಚುತ್ತದಂತೆ. ಹಾಗಾದರೆ ಮಾದರಿ ಅರ್ಜಿಗಿಂತ ದೂರದ ವಸ್ತು ಯಾವುದಿದೆ? ಅದು ಪೂರ್ತಿ ಚೌಕಟ್ಟು, ಮಾತುಕತೆ ಸೊನ್ನೆ. ನಾನು ಅದನ್ನು ಬೈಲಹೊಂಗಲದಲ್ಲಿ ಕೂತು ಕಳಿಸಿದರೂ ಅಷ್ಟೇ, ಅವಳ ಪಡಸಾಲೆಯಲ್ಲಿ ಕೂತು ಕೊಟ್ಟಿದ್ದರೂ ಅಷ್ಟೇ. ಮೂವತ್ತು ವರ್ಷ ಕರಿ ಹಲಗೆಯ ಮೇಲೆ ನಾನು ಬರೆದದ್ದೂ ಅದೇ ಆಗಿತ್ತು. ಆನ್‌ಲೈನ್ ಪಾಠದಿಂದ ಶಿಕ್ಷಣ ಕೆಟ್ಟಿತು ಎಂದು ಗೋಳಾಡುವ ನನ್ನ ಓರಗೆಯ ಅಧ್ಯಾಪಕಿಯರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಕಾಗದದ ಬಲವೇನೆಂಬುದು ಈ ನೆಲಕ್ಕೆ ಹೊಸದಲ್ಲ. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ 1824ರಲ್ಲಿ ತೀರಿಕೊಂಡಾಗ ದತ್ತಕದ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಗೆ ಹೋಯಿತು. ಅವನು ಆ ಪತ್ರವನ್ನೇ ನಂಬಲಿಲ್ಲ. ಸಹಿಯ ಮೇಲೆಯೇ ಸಂಶಯ ತೆಗೆದ. ರಾಣಿ ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆದುಕೊಂಡಳು, ಅದೂ ಕೈಗೂಡಲಿಲ್ಲ. ಅಕ್ಟೋಬರ್ 23ರ ಕಾಳಗ, ಥ್ಯಾಕರೆಯ ಸಾವು, ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದು, 1829ರ ಫೆಬ್ರವರಿ 2ರಂದು ಬೈಲಹೊಂಗಲದ ಸೆರೆಯಲ್ಲಿ ರಾಣಿ ಕಣ್ಣು ಮುಚ್ಚಿದ್ದು ಎಲ್ಲ ನಮಗೆ ಬಾಯಿಪಾಠ. ಖಡ್ಗದ ಕಥೆಯನ್ನು ಲಾವಣಿ ಕಟ್ಟಿ ಹಾಡುತ್ತೇವೆ. ಖಡ್ಗಕ್ಕಿಂತ ಮೊದಲು ಒಂದು ಪತ್ರವಿತ್ತು, ಅದನ್ನು ಓದುವವನು ಹೇಗೆ ಓದಿದ ಎಂಬುದರ ಮೇಲೆ ಎಲ್ಲವೂ ನಿಂತಿತ್ತು ಎಂಬುದನ್ನು ಸಮಾಧಿಯ ಮುಂದಿನಿಂದ ದಿನಾ ಹಾಯ್ದು ಕಾಲೇಜಿಗೆ ಹೋದ ನಾನೂ ವಿಚಾರ ಮಾಡಿರಲಿಲ್ಲ.

ತಂಗಿಯ ಮಗಳು ಕಡೆಗೆ ಕಳಿಸಿದ್ದು ಹಳೆಯ ಲೇಖನದ ಒಂದು ಪ್ರತಿ. ಕ್ಯಾರೊಲಿನ್ ಮಿಲ್ಲರ್ 1979ರಲ್ಲಿ ಬರೆದದ್ದು. ಅರ್ಜಿ, ವರದಿ ಮುಂತಾದ ಬರವಣಿಗೆ ಬರೀ ಕೈಕಸುಬಲ್ಲ, ಭಾಷೆ ಎಂದರೆ ಆಚೆಯದು ಕಾಣುವ ಸ್ವಚ್ಛ ಗಾಜಲ್ಲ. ಬರೆಯುವುದೆಂದರೆ ಒಂದು ಸಮುದಾಯದೊಳಗೆ ಪಾಲುಗೊಳ್ಳುವುದು ಎಂಬುದು ಅವರ ವಾದ. ಅಪ್ಪನಿಗೆ ಇದನ್ನು ಓದಿ ಹೇಳಬೇಕಿತ್ತು. ಆದರೆ ನನ್ನದೊಂದು ತಕರಾರು ಇಲ್ಲಿಯೂ ಇದೆ. ಯಾವ ಸಮುದಾಯ? ಕಚೇರಿಯ ಒಳಗಿನವರದೋ, ಬೇವಿನ ಗಿಡದ ಕೆಳಗಿನವರದೋ? ನಾವು ಕಲಿಸುವ ‘ವ್ಯವಹಾರ ಕನ್ನಡ’ ಒಳಗಿನವರ ಮಾತು. 1963ರಲ್ಲಿ ಕನ್ನಡ ಆಡಳಿತ ಭಾಷೆಯಾಯಿತು, ಸಂತೋಷ. ಆ ಕನ್ನಡ ರಾಮದುರ್ಗದ ನೇಕಾರಳ ಬಾಯಲ್ಲಿ ಹೊರಳುವುದಿಲ್ಲ. ಅವಳ ‘ಜಂತಿ ಹೊಳಿಯಾಗ ಹೋಗ್ಯಾವು’ ಎಂಬುದು ‘ಭಾಗಶಃ ಹಾನಿ’ಗಿಂತ ಸಾವಿರ ಪಾಲು ನಿಖರ. ಮಿಲ್ಲರ್ ಅವರ ಲೇಖನ ವಿದ್ಯಾರ್ಥಿಯನ್ನು ಒಳಗೆ ಕರೆದೊಯ್ಯುವ ಬಾಗಿಲು ತೋರಿಸುತ್ತದೆ. ಒಳಗಿನವರೂ ಒಂದು ಹೆಜ್ಜೆ ಹೊರಗೆ ಬರಬೇಕೆಂದು ಕೇಳುವುದಿಲ್ಲ.

ಹಾಗೆ ಕೇಳಿದ್ದು, ಆಶ್ಚರ್ಯವೆಂದರೆ, ನಮ್ಮದೇ ಒಂದು ಕಾನೂನು. 2005ರ ಮಾಹಿತಿ ಹಕ್ಕು ಕಾಯ್ದೆಯ ಆರನೆಯ ಕಲಮು ಓದಿರಿ. ಬರೆಯಲು ಬಾರದವರು ಬಾಯಿಂದ ಕೇಳಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕು ಎಂದಿದೆ. ಮಾಹಿತಿ ಯಾಕೆ ಬೇಕು ಎಂಬ ಕಾರಣ ಹೇಳಬೇಕಾಗಿಲ್ಲ ಎಂದೂ ಇದೆ. ಕರ್ನಾಟಕದ ನಿಯಮದಲ್ಲಿ ಇನ್ನೂ ಒಂದು ಮಾತು ಸೇರಿದೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಜನರ ಕೈ ಕಟ್ಟಲು ಮಾಡಿದ ನಿಯಮವೆಂದು ಇದನ್ನು ಎಷ್ಟೋ ಮಂದಿ ಬೈದಿದ್ದಾರೆ, ಬೈಯಲು ಕಾರಣವೂ ಇದೆ. ಆದರೆ ಪಾಠ ಹೇಳುವವಳಾಗಿ ನನಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಿಲ್ಲ. ದಯಾಪರರಾದ ತಾವು ಎಂದು ಬರೆಯುತ್ತ ಕೂತರೆ ಪದಗಳು ಅಲ್ಲೇ ತೀರಿಹೋಗುತ್ತವೆ. ಮೊದಲ ಸಲ ಗುಂಪಿನವರೆಲ್ಲ ಪದ ಎಣಿಸತೊಡಗಿದರು. ಜೋಳ ಎಣಿಸಿದ ಹಾಗೆ ಎಣಿಸುತ್ತೇವೆಂದು ನಕ್ಕರು.

ರಾಮದುರ್ಗದವಳಿಗೆ ಎರಡನೆಯ ಅರ್ಜಿಗೂ ಉಪಯೋಗವಾಗಲಿಲ್ಲ. ಸಮೀಕ್ಷೆ ಮುಗಿದುಹೋಗಿದೆ ಎಂಬ ಉತ್ತರ ಬಂತು. ಆಗ ಅವಳ ಮನೆಯ ಸಮೀಕ್ಷೆಯಲ್ಲಿ ಏನು ಬರೆದಿದ್ದಾರೆ, ಅದರ ನಕಲು ಕೊಡಿ ಎಂದು ಕೇಳೋಣ ಎಂದೆ. ಮಾದರಿ ಕಳಿಸಲಿಲ್ಲ. ಅಪ್ಪನ ಮೂರು ಮಾತು ಕಳಿಸಿದೆ, ಬರೆದಲ್ಲ, ನನ್ನ ದನಿಯಲ್ಲಿ. ಎರಡು ದಿನ ಬಿಟ್ಟು ಅವಳ ಹಾಳೆ ಬಂತು. ಒಂಬತ್ತು ಸಾಲು. ಅಕ್ಷರ ಅಂಕುಡೊಂಕು, ಒಂದೆರಡು ಒತ್ತು ಬಿಟ್ಟಿದ್ದಳು. ಮೂರು ಗೋಡೆ, ಜಂತಿ, ಮಗ್ಗದ ಕುಣಿ ಎಲ್ಲ ಇತ್ತು. ‘ಭಾಗಶಃ’ ಇರಲಿಲ್ಲ. ಕೆಳಗೆ "ಪೋಸ್ಟಿಗೆ ಹಾಕಲೇನ್ರಿ?" ಎಂದು ಕೇಳಿದ್ದಳು.

ಈ ಸಲ ಒತ್ತಿನ ಮಾತು ಎತ್ತಲಿಲ್ಲ. ‘ಗೋಡೆ ಬಿದ್ದ ಸಂಗತಿ ಈ ಅರ್ಜಿಗೆ ಬೇಡ, ಕಾರಣ ಕೇಳುವಂತಿಲ್ಲ. ಅದನ್ನು ತೆಗೆದು ಬೇರೆ ಹಾಳೆಯಲ್ಲಿ ಇಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ. ನಾಲ್ಕನೆಯ ಸಾಲಿನಲ್ಲಿ ಮನೆಯ ನಂಬರು ಇಲ್ಲ. ನಂಬರು ಬರೆಯಿರಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿರಿ. ರಿಜಿಸ್ಟರ್ ಮಾಡಿಸಿ ರಸೀದಿಯ ಫೋಟೋ ನನಗೆ ಕಳಿಸಿರಿ’ ಎಂದು ಬರೆದೆ. ಬರೆದದ್ದನ್ನು ದನಿಯಲ್ಲಿಯೂ ಓದಿ ಕಳಿಸಿದೆ.

ಮರುದಿನ ಸಂಜೆ ರಸೀದಿಯ ಫೋಟೋ ಬಂತು. ಕೈ ನಡುಗಿತ್ತೋ, ಬೆಳಕು ಸಾಲದೋ, ಮಸುಕಾಗಿತ್ತು. ತಾರೀಖು ಓದಲು ಬರುತ್ತಿರಲಿಲ್ಲ. ತಾರೀಖು ಕಾಣುವುದಿಲ್ಲ, ಬಿಸಿಲಿಗೆ ಹಿಡಿದು ಇನ್ನೊಮ್ಮೆ ತೆಗೆದು ಕಳಿಸಿರಿ ಎಂದು ಬರೆದೆ.